ಹಳೆಯ ಮೋಟಾರು ಸೈಕಲ್ಲಿಗೆ ಲಂಘನ ಚಿಕಿತ್ಸೆ

ಸಂಸ್ಕೃತದಲ್ಲಿ ‘ಲಾಘವ’ವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಗುರವಾಗಿರುವಿಕೆ ಎಂಬುದು ಒಂದು. ಚುರುಕು, ಕೈಚಳಕ ಎಂಬುದು ಮತ್ತೊಂದು. ಹಗುರವಾದದ್ದು ಚುರುಕಾಗಿಯೂ ಇರುವುದೆಂಬ ಲೋಕಾನುಭವವೇ ಈ ಎರಡನ್ನೂ ಒಂದೇ ಶಬ್ದದಲ್ಲಿ ಕೂಡಿಸಿರಬೇಕು. ವೈದ್ಯಶಾಸ್ತ್ರದಲ್ಲಿಯಾದರೋ, ದೇಹಕ್ಕೆ ಲಾಘವವನ್ನುಂಟುಮಾಡುವ ಚಿಕಿತ್ಸೆಗೆ ಲಂಘನವೆಂದು ಹೆಸರು. ಚರಕಸಂಹಿತೆಯಲ್ಲಿ ಇದಕ್ಕೆ ಪ್ರತ್ಯೇಕವಾದ ಪ್ರಕರಣವೇ ಇದೆ. ಯಾರಿಗೆ ಲಂಘನವು ಹಿತ, ಎಷ್ಟರ ಮಟ್ಟಿಗೆ ಹಿತ, ಮಿತಿಮೀರಿದರೆ ಬಲಹಾನಿಯು ಹೇಗೆ ಉಂಟಾಗುವುದು ಎಂಬುದನ್ನೆಲ್ಲ ಅಲ್ಲಿ ವಿಚಾರಿಸಿದ್ದಾರೆ. ಕೊಬ್ಬು ಕರಗಿದರೆ ಲಾಘವ. ಮಾಂಸವೂ ಕರಗಿದರೆ ಕಾರ್ಶ್ಯ. ತಕ್ಕಡಿಯು ಇವೆರಡರ ಭೇದವನ್ನು ತಿಳಿಯದು; ವೈದ್ಯನು ತಿಳಿದಿರಬೇಕು.

ಮೋಟಾರು ಸೈಕಲ್ಲಿನ ವಿಷಯಕ್ಕೆ ಇಷ್ಟು ದೊಡ್ಡ ಪೀಠಿಕೆಯೇ ಎಂದು ವಾಚಕರು ನಗಬಹುದು. ಆದರೆ ಈಚೆಗೆ ಅನೇಕ ಮನೆಗಳಲ್ಲಿ ತಾತಂದಿರ ಕಾಲದ ವಾಹನಗಳು ಕೊಟ್ಟಿಗೆಯಿಂದ ಹೊರಕ್ಕೆ ಬರುತ್ತಿವೆ. ಮೊಮ್ಮಕ್ಕಳು ಅವನ್ನು ತೊಳೆದು, ಎಣ್ಣೆ ಹಾಕಿ, ಬೀದಿಗೆ ಇಳಿಸುತ್ತಿದ್ದಾರೆ. ಇದು ಸಂತೋಷದ ಮಾತೇ ಸರಿ. ಆದರೆ ಹೊಸ ವಾಹನಗಳ ವೇಗವನ್ನು ಕಂಡು ಅಸಮಾಧಾನಪಟ್ಟು, ಹಳೆಯದರ ಭಾರವನ್ನು ಇಳಿಸಿದರೆ ಅದೂ ಹಾಗೆಯೇ ಓಡೀತೆಂದು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವವರೂ ಉಂಟು. ಅವರ ಎಣಿಕೆಯಲ್ಲಿ ಸತ್ಯಾಂಶವೂ ಇದೆ, ಅಪಾಯವೂ ಇದೆ. ಎರಡನ್ನೂ ಬೇರೆಬೇರೆಯಾಗಿ ನೋಡೋಣ.

ಉದಾಹರಣೆಗೆ ನಮ್ಮ ಮೈಸೂರಿನ ವಾಹನವನ್ನೇ ತೆಗೆದುಕೊಳ್ಳುವುದು ಉಚಿತ. ೧೯೬೦ರ ದಶಕದ ಆರಂಭದಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯು ಚೆಕೊಸ್ಲೊವಾಕಿಯಾ ದೇಶದ ಜಾವಾ ಮಾದರಿಯ ಮೋಟಾರು ಸೈಕಲ್ಲುಗಳನ್ನು ಮೈಸೂರಿನಲ್ಲಿ ತಯಾರಿಸತೊಡಗಿತು. ೧೯೭೦ರ ದಶಕದಲ್ಲಿ ಆ ವಾಹನಗಳಿಗೆ ಯೆಜ್ಡಿ ಎಂದು ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ೨೦೧೮ರಲ್ಲಿ ಜಾವಾ ಹೆಸರೂ ೨೦೨೨ರಲ್ಲಿ ಯೆಜ್ಡಿ ಹೆಸರೂ ಹೊಸ ವಾಹನಗಳ ಮೇಲೆ ಮತ್ತೆ ಕಾಣಿಸಿಕೊಂಡವು. ಆದರೆ ಅವು ಬೇರೆ ಯಂತ್ರಗಳು. ಹಳೆಯದು ಸುಮಾರು ೨೫೦ ಘನ ಸೆಂಟಿಮೀಟರಿನ, ಎರಡು ಸ್ಟ್ರೋಕಿನ ಎಂಜಿನು. ಸಿಲಿಂಡರು ಒಂದೇ ಆದರೂ ಹೊಗೆಯ ಕೊಳವೆಗಳು ಎರಡು. ಮೊದಲಿನ ಜಾವಾದ ಶಕ್ತಿ ೧೨ ಅಶ್ವಬಲ. ಅನಂತರ ಬಂದ ರೋಡ್‌ಕಿಂಗಿನದು ೧೬.

ಇನ್ನು ಲೆಕ್ಕಕ್ಕೆ ಬರೋಣ. ವಾಹನದ ತೂಕ ೧೪೦ ಕಿಲೋ, ಸವಾರನದು ೭೦ ಕಿಲೋ ಎಂದಿಟ್ಟುಕೊಂಡರೆ, ಎಂಜಿನು ಹೊರಬೇಕಾದದ್ದು ೨೧೦ ಕಿಲೋ. ಇದರಲ್ಲಿ ೧೦ ಕಿಲೋ ಕಡಿಮೆಮಾಡಿದರೆ ನೂರಕ್ಕೆ ಐದರಷ್ಟೂ ಆಗಲಿಲ್ಲ. ನಿಂತಲ್ಲಿಂದ ಹೊರಟು ೬೦ ಕಿಲೋಮೀಟರ್ ವೇಗವನ್ನು ಮುಟ್ಟಲು ೧೦ ಸೆಕೆಂಡು ಹಿಡಿಯುತ್ತಿದ್ದರೆ, ಈಗ ಸುಮಾರು ಒಂಬತ್ತೂವರೆ ಸೆಕೆಂಡು ಹಿಡಿದೀತು. ಚಾಮುಂಡಿ ಬೆಟ್ಟದ ಏರಿನಲ್ಲಿಯೂ ಇಷ್ಟೇ ಪ್ರಮಾಣದ ಲಾಭ. ಏಕೆಂದರೆ ಅಲ್ಲಿ ಪ್ರತಿಯೊಂದು ಕಿಲೋವನ್ನೂ ಎಂಜಿನು ಮೇಲಕ್ಕೆ ಎತ್ತಿಯೇ ತೀರಬೇಕು. ಆದರೆ ಸಮತಲವಾದ ರಸ್ತೆಯಲ್ಲಿ ವಾಹನವು ಮುಟ್ಟಬಲ್ಲ ಪರಮಾವಧಿ ವೇಗಕ್ಕೆ ಭಾರವು ಅಷ್ಟಾಗಿ ಅಡ್ಡಿಯಲ್ಲ. ಅಲ್ಲಿ ಎದುರಾಗುವ ಶತ್ರು ಗಾಳಿ. ವೇಗವು ಇಮ್ಮಡಿಯಾದರೆ ಗಾಳಿಯ ತಡೆಯು ನಾಲ್ಮಡಿಯಾಗುತ್ತದೆ. ಹತ್ತು ಕಿಲೋ ಕಬ್ಬಿಣವನ್ನು ಬಿಚ್ಚಿಟ್ಟರೂ ಗಾಳಿಯು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಆದಕಾರಣ ಭಾರವನ್ನು ಇಳಿಸುವವನು ಹೊರಡುವಾಗಿನ ಚುರುಕನ್ನೂ ಏರಿನ ಸುಲಭವನ್ನೂ ಬಯಸಬಹುದೇ ಹೊರತು ಹೆದ್ದಾರಿಯ ಮಹಾವೇಗವನ್ನು ಬಯಸಲಾಗದು.

ಎಲ್ಲ ಭಾರವೂ ಒಂದೇ ಬಗೆಯದಲ್ಲವೆಂಬುದನ್ನೂ ತಿಳಿಯಬೇಕು. ಪೀಠದ ಕೆಳಗಿನ ಪೆಟ್ಟಿಗೆಯಲ್ಲಿರುವ ಒಂದು ಕಿಲೋ ಮುಂದಕ್ಕೆ ಮಾತ್ರ ಸಾಗುತ್ತದೆ. ಗಾಲಿಯ ಅಂಚಿನಲ್ಲಿರುವ ಒಂದು ಕಿಲೋ ಮುಂದಕ್ಕೂ ಸಾಗಬೇಕು, ಸುತ್ತಲೂ ಬೇಕು. ವೇಗವನ್ನು ಹೆಚ್ಚಿಸುವಾಗ ಅದು ಹೆಚ್ಚುಕಡಮೆ ಎರಡು ಕಿಲೋವಿನಂತೆ ವರ್ತಿಸುತ್ತದೆ. ಶೋಭೆಗಾಗಿ ನಿಗದಿಯಾದ ಅಳತೆಗಿಂತ ದಪ್ಪನೆಯ ಟೈರುಗಳನ್ನು ಹಾಕಿಸಿ, ಅದೇ ದಿನ ಮಡ್‌ಗಾರ್ಡನ್ನು ಬಿಚ್ಚಿಸುವ ತರುಣರು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಗುತ್ತದೆ. ಅಲ್ಲದೆ ಗಾಲಿ, ಟೈರುಗಳ ಭಾರವು ಸ್ಪ್ರಿಂಗುಗಳ ಕೆಳಗಿನ ಭಾರ. ಅದು ಹೆಚ್ಚಿದಷ್ಟೂ ಹಳ್ಳತಿಟ್ಟಿನ ರಸ್ತೆಯಲ್ಲಿ ಗಾಲಿಯು ನೆಲವನ್ನು ಬಿಟ್ಟು ಕುಪ್ಪಳಿಸುವುದು ಹೆಚ್ಚು.

ಈಗ ನಮ್ಮ ಬೀದಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವೆನು. ನೆರೆಮನೆಯ ತರುಣನೊಬ್ಬನು ತನ್ನ ತಾತನ ಯೆಜ್ಡಿಯನ್ನು ಬಹು ಶ್ರದ್ಧೆಯಿಂದ ಸರಿಪಡಿಸಿದನು. ಆಮೇಲೆ ಲಂಘನ ಚಿಕಿತ್ಸೆಯು ಪ್ರಾರಂಭವಾಯಿತು. ಹಿಂದಿನ ಕ್ಯಾರಿಯರು, ಎರಡು ಮಗ್ಗುಲ ತಗಡಿನ ಪೆಟ್ಟಿಗೆಗಳು, ಕಾಲಿನ ಮುಂದಣ ದಪ್ಪ ಕಂಬಿ ಇವು ಮೊದಲು ಹೋದವು. ಅನಂತರ ಮುಂದಿನ ಮಡ್‌ಗಾರ್ಡು, ಸರಪಣಿಯ ಮುಚ್ಚಳ, ಕೊನೆಯಲ್ಲಿ ಸೀರೆ ಗಾರ್ಡು. ಒಂದು ಸಂಜೆ ಅವನು ನನ್ನೆದುರಿಗೆ ಗಾಡಿಯನ್ನು ನಿಲ್ಲಿಸಿ, “ಮೇಷ್ಟ್ರೇ, ಈಗ ನೋಡಿ, ಹಾರುತ್ತೆ!” ಎಂದನು.

“ತಾಯಿಯವರನ್ನು ಕೂರಿಸಿಕೊಂಡೂ ಹಾರುತ್ತದೆಯೇನಪ್ಪಾ?” ಎಂದು ಕೇಳಿದೆನು.

ಅವನು ಸುಮ್ಮನಾದನು. ಆ ಸಾಧ್ವಿಯು ವಾರಕ್ಕೆ ಎರಡು ಬಾರಿ ಮಗನ ಹಿಂದೆ ಒಂದು ಮಗ್ಗುಲಾಗಿ ಕುಳಿತು ದೇವರಾಜ ಮಾರುಕಟ್ಟೆಗೆ ಹೋಗಿಬರುತ್ತಿದ್ದರು. ಸೀರೆ ಗಾರ್ಡು ಹೋದ ದಿನದಿಂದ ಅವರು ಗಾಡಿಯನ್ನು ಹತ್ತಲಿಲ್ಲ. ಮಗನ ಉತ್ಸಾಹಕ್ಕೆ ಅಡ್ಡಿಯಾಗಬಾರದೆಂದು ಬಾಯಿ ಬಿಟ್ಟು ಏನನ್ನೂ ಹೇಳದೆ, ಮೊಣಕಾಲಿನ ನೋವಿದ್ದರೂ ಕೈಚೀಲವನ್ನು ಹಿಡಿದು ನಡೆದೇ ಹೋಗುತ್ತಿದ್ದರು. ಬಿಚ್ಚಿದ ಸೀರೆ ಗಾರ್ಡನ್ನು ಅಂಗಡಿಯ ತಕ್ಕಡಿಯಲ್ಲಿ ಇಡಿಸಿದೆವು. ಎರಡು ಕಿಲೋವೂ ಬರಲಿಲ್ಲ. ಗಾಡಿಯು ಹಾರುತ್ತಿದ್ದುದು ಆ ಎರಡು ಕಿಲೋ ಹೋದುದರಿಂದಲ್ಲ. ಹಿಂದೆ ಕೂರುತ್ತಿದ್ದ ತಾಯಿ ಕೆಳಗಿಳಿದುದರಿಂದ. “ನೀನು ಇಳಿಸಿರುವ ಭಾರದಲ್ಲಿ ಹೆಚ್ಚಿನ ಪಾಲು ಯಾವುದೆಂದು ಈಗ ಗೊತ್ತಾಯಿತೇ?” ಎಂದೆನು. ಮಾರನೆಯ ಬೆಳಗ್ಗೆ ಸೀರೆ ಗಾರ್ಡು ಅದರ ಸ್ಥಾನಕ್ಕೆ ಬಂದಿತು. ಕ್ಯಾರಿಯರು ಮತ್ತು ಪೆಟ್ಟಿಗೆಗಳು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಸೀರೆ ಗಾರ್ಡನ್ನು ಕುರಿತು ಸರ್ಕಾರದ ಕಟ್ಟಳೆಯೂ ಇದೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೧೨೩ನೆಯ ನಿಯಮದ ಪ್ರಕಾರ, ಹಿಂದೆ ಕುಳಿತವರ ಉಡುಪು ಗಾಲಿಗೆ ಸಿಕ್ಕಿಕೊಳ್ಳದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮರೆಮಾಡುವ ರಕ್ಷೆಯೂ, ಹಿಡಿದುಕೊಳ್ಳುವ ಹಿಡಿಯೂ, ಕಾಲಿಡುವ ಆಸರೆಯೂ ಇರತಕ್ಕದ್ದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ವಾಹನದ ಬರಿ ತೂಕವೂ ಆ ಪತ್ರದಲ್ಲಿ ಬರೆದಿರುವ ಸಂಗತಿಯೇ. ಹದಿನೈದು ವರ್ಷ ದಾಟಿದ ವಾಹನದ ನೋಂದಣಿಯನ್ನು ನವೀಕರಿಸಲು ತಪಾಸಣೆಗೆ ಒಯ್ಯಬೇಕಾಗುವುದರಿಂದ, ಅಂಗಹೀನವಾದ ಗಾಡಿಯು ಅಲ್ಲಿ ಮುಖ ತೋರಿಸುವುದು ಕಷ್ಟ.

ಕಾನೂನಿನ ಮಾತು ಹಾಗಿರಲಿ. ಯಂತ್ರದ ಹಿತವೂ ಇದನ್ನೇ ಹೇಳುತ್ತದೆ. ಮುಂದಿನ ಮಡ್‌ಗಾರ್ಡಿನ ಆಧಾರದ ಕಂಬಿಗಳು ಕೆಸರನ್ನು ತಡೆಯುವುದಲ್ಲದೆ ಫೋರ್ಕಿನ ಎರಡು ಕಾಲುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುತ್ತವೆ. ಅವನ್ನು ತೆಗೆದರೆ ತಿರುವಿನಲ್ಲಿ ಮುಂಗಾಲಿಯು ಅದುರಬಹುದು. ಹಳೆಯ ಜಾವಾ ಯೆಜ್ಡಿಗಳ ಒಂದು ಹಿರಿಮೆಯೆಂದರೆ ಹಿಂದಿನ ಸರಪಣಿಯು ಪೂರ್ತಿಯಾಗಿ ಮುಚ್ಚಿರುವುದು. ಮುಚ್ಚಳವನ್ನು ತೆಗೆದರೆ ಧೂಳು ಎಣ್ಣೆಯೊಡನೆ ಬೆರೆತು ಅರೆಯುವ ಕಲ್ಕದಂತಾಗಿ ಸರಪಣಿಯನ್ನೂ ಹಲ್ಲಿನ ಚಕ್ರಗಳನ್ನೂ ಸವೆಸುತ್ತದೆ. ಒಣಗಿದ, ಸವೆದ ಸರಪಣಿಯು ನುಂಗುವ ಶಕ್ತಿಯ ಮುಂದೆ ಮುಚ್ಚಳದ ಭಾರದಿಂದಾಗುವ ನಷ್ಟ ಅಲ್ಪ. ಸೈಲೆನ್ಸರಿನ ಒಳಗಿನ ಕೊಳವೆಗಳನ್ನು ಕಿತ್ತು ಹಗುರಮಾಡುವವರೂ ಉಂಟು. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಹೊಗೆಯು ಹೊರಡುವ ಹೊತ್ತಿನಲ್ಲಿಯೇ ಹೊಸ ಮಿಶ್ರಣವೂ ಒಳಗೆ ಬರುವುದರಿಂದ, ಆ ಮಿಶ್ರಣವು ಸುಡದೆ ಹೊರಗೆ ಹರಿದುಹೋಗದಂತೆ ತಡೆಯುವುದರಲ್ಲಿ ಹೊಗೆಯ ಹಾದಿಯ ರಚನೆಯೂ ಪಾಲುಗೊಳ್ಳುತ್ತದೆ. ಅದನ್ನು ಕೆಡಿಸಿದರೆ ಸದ್ದು ಹೆಚ್ಚುವುದು ಖಂಡಿತ. ಬಲವು ಹೆಚ್ಚುವುದೆಂಬ ಭರವಸೆಯಿಲ್ಲ.

ಕಬ್ಬಿಣದಲ್ಲಿ ರಂಧ್ರಗಳನ್ನು ಕೊರೆದು ತೂಕವಿಳಿಸುವ ಹವ್ಯಾಸವು ಎಲ್ಲಕ್ಕಿಂತ ಭಯಂಕರವಾದದ್ದು. ಎಳೆತಕ್ಕೆ ಒಳಗಾದ ಅಗಲವಾದ ಫಲಕದಲ್ಲಿ ಒಂದು ಸಣ್ಣ ದುಂಡು ರಂಧ್ರವಿದ್ದರೆ, ಅದರ ಅಂಚಿನಲ್ಲಿ ಬೀಳುವ ಒತ್ತಡವು ಉಳಿದೆಡೆಗಿಂತ ಮೂರು ಪಟ್ಟು ಎಂಬುದನ್ನು ಎಂಜಿನಿಯರುಗಳು ಗಣಿತದಿಂದ ಸಾಧಿಸಿದ್ದಾರೆ. ಬಿರುಕು ಹುಟ್ಟುವುದು ಅಲ್ಲಿಯೇ. ಚೌಕಟ್ಟು, ಫೋರ್ಕು, ಬ್ರೇಕಿನ ಸನ್ನೆಗಳು, ಗಾಲಿಯ ಅಚ್ಚು ಇವುಗಳಿಗೆ ಡ್ರಿಲ್ಲನ್ನು ಮುಟ್ಟಿಸಲೇಕೂಡದು. ಅಲ್ಯೂಮಿನಿಯಮ್ಮಿನ ತೂಕವು ಉಕ್ಕಿನ ಮೂರನೆಯ ಒಂದು ಭಾಗವೆಂಬುದು ನಿಜ. ಬಾಗದೆ ನಿಲ್ಲುವ ಗುಣವೂ ಮೂರನೆಯ ಒಂದು ಭಾಗವೆಂಬುದು ಅಷ್ಟೇ ನಿಜ. ಆದಕಾರಣ ನಂಬರಿನ ಹಲಗೆಯ ಆಧಾರಕ್ಕೆ ಅದು ಒಪ್ಪೀತು. ಅಚ್ಚಿನ ಮೊಳೆಗೆ ಒಪ್ಪದು.

ಹಾಗಾದರೆ ಯಾವುದನ್ನು ಇಳಿಸಬೇಕು? ಕಾರ್ಖಾನೆಯಿಂದ ಬಂದಾಗ ಇಲ್ಲದಿದ್ದುದನ್ನು ಮೊದಲು ಇಳಿಸತಕ್ಕದ್ದು. ನಲವತ್ತು ವರ್ಷಗಳಲ್ಲಿ ಒಬ್ಬೊಬ್ಬ ಯಜಮಾನನು ಒಂದೊಂದನ್ನು ಸೇರಿಸಿರುತ್ತಾನೆ: ಕ್ಯಾರಿಯರು, ಪೆಟ್ಟಿಗೆ, ಎರಡನೆಯ ಹಾರನ್ನು, ಅಲಂಕಾರದ ಕಂಬಿಗಳು. ಉಪಕರಣದ ಪೆಟ್ಟಿಗೆಯನ್ನು ತೆರೆದರೆ ಎಂದೋ ಮುರಿದ ಬಿಡಿಭಾಗಗಳೂ ಯಾವ ಬೋಲ್ಟಿಗೂ ಹೊಂದದ ಸ್ಪ್ಯಾನರುಗಳೂ ಸಿಕ್ಕುವುವು. ಹತ್ತು ಲೀಟರು ಪೆಟ್ರೋಲು ಸುಮಾರು ಏಳೂವರೆ ಕಿಲೋ ತೂಗುವುದರಿಂದ, ಪೇಟೆಗೆ ಹೋಗಿಬರುವವನು ಟ್ಯಾಂಕನ್ನು ಕಂಠಪೂರ್ತಿ ತುಂಬಿಸುವ ಅಗತ್ಯವೂ ಇಲ್ಲ. ಸವಾರನೇ ಎರಡು ಮೂರು ಕಿಲೋ ಇಳಿದರೆ ವಾಹನಕ್ಕೂ ಹಿತ, ವೈದ್ಯರಿಗೂ ಸಂತೋಷ. ಬ್ಯಾಟರಿಯನ್ನು ಮಾತ್ರ ತೆಗೆಯಬಾರದು. ಹಳೆಯ ಜಾವಾದಲ್ಲಿ ಕಿಡಿಯೇ ಅದರಿಂದ ಹುಟ್ಟುವುದು. ತಲೆಯ ಮೇಲಿನ ಹೆಲ್ಮೆಟ್ಟಿನ ಭಾರವನ್ನಂತೂ ಲೆಕ್ಕಕ್ಕೇ ತರಕೂಡದು.

ಇದಕ್ಕೂ ಮುಂಚಿತವಾಗಿ ಇಳಿಸಬೇಕಾದ, ತಕ್ಕಡಿಗೆ ಕಾಣದ ಭಾರವೊಂದಿದೆ. ಅದು ಉಪೇಕ್ಷೆಯ ಭಾರ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿರಿ. ಸರಾಗವಾಗಿ ತಿರುಗದಿದ್ದರೆ ಬ್ರೇಕು ಹಿಡಿದುಕೊಂಡಿದೆ, ಇಲ್ಲವೆ ಬೇರಿಂಗು ಸವೆದಿದೆ. ಟೈರಿನ ಗಾಳಿಯನ್ನು ನೋಡಿರಿ. ಸರಪಣಿಗೆ ಎಣ್ಣೆಯಿದೆಯೇ, ಸಡಿಲವು ಹಿತಮಿತವಾಗಿದೆಯೇ ನೋಡಿರಿ. ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವ ಎಂಜಿನಾದುದರಿಂದ ಹೊಗೆಯ ಕಿಂಡಿಯಲ್ಲಿಯೂ ಸೈಲೆನ್ಸರಿನಲ್ಲಿಯೂ ಮಸಿ ಕಟ್ಟುವುದು ಸಹಜ. ಅದನ್ನು ಕೆರೆದು ತೆಗೆಸಿರಿ. ಗಾಳಿಯ ಶೋಧಕವನ್ನು ಶುದ್ಧಮಾಡಿಸಿರಿ. ಕಿಡಿಯ ಕಾಲವನ್ನು ಬಲ್ಲವರಿಂದ ಸರಿಪಡಿಸಿರಿ. ಹದಿನಾರು ಅಶ್ವಬಲದ ಎಂಜಿನಿನಲ್ಲಿ ನೂರಕ್ಕೆ ಐದೆಂದರೆ ಮುಕ್ಕಾಲು ಅಶ್ವಬಲಕ್ಕೆ ಸ್ವಲ್ಪ ಹೆಚ್ಚು. ಹತ್ತು ಕಿಲೋ ಕಬ್ಬಿಣವನ್ನು ಬಿಚ್ಚಿ ಸಂಪಾದಿಸುವುದು ಇಷ್ಟೇ. ಮಸಿಗಟ್ಟಿದ ಸೈಲೆನ್ಸರೂ ಹಿಡಿದುಕೊಂಡ ಬ್ರೇಕೂ ಕೂಡಿ ಇದಕ್ಕಿಂತ ಹೆಚ್ಚನ್ನು ಕಸಿದುಕೊಂಡಿರುವ ಗಾಡಿಗಳು ನಮ್ಮ ಬೀದಿಗಳಲ್ಲಿ ಬೇಕಾದಷ್ಟಿವೆ.

ಸೂತ್ರಕಾರರು ಅಕ್ಷರಲಾಘವಕ್ಕಾಗಿ ಎಷ್ಟು ಶ್ರಮಪಟ್ಟರೆಂಬುದು ಪ್ರಸಿದ್ಧವಾಗಿದೆ. ಪಾಣಿನಿಯು ಇಡೀ ಭಾಷೆಯ ವ್ಯಾಕರಣವನ್ನು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಗಿಸಿದನು. ಆದರೆ ಅರ್ಥವು ಸಂದೇಹಕ್ಕೊಳಗಾಗುವ ಕಡೆಯಲ್ಲಿ ಅಕ್ಷರವನ್ನು ಉಳಿಸುವ ಲೋಭಕ್ಕೆ ಬೀಳುವುದು ಲಾಘವವಲ್ಲ, ದೋಷ. ಗೃಹಸ್ಥರು ತಮ್ಮ ಮಕ್ಕಳಿಗೆ ಇದೇ ನಿಯಮವನ್ನು ಹೇಳಿಕೊಡಬಹುದು. ಬಿಚ್ಚುವುದಕ್ಕೆ ಮೊದಲು ಪ್ರತಿಯೊಂದು ಭಾಗವನ್ನೂ ಮುಟ್ಟಿ, “ಇದು ಇಲ್ಲಿ ಏತಕ್ಕಿದೆ?” ಎಂದು ಕೇಳಿಕೊಳ್ಳಲಿ. ಉತ್ತರವು ದೊರೆಯದಿದ್ದರೆ ಗಾಡಿಯನ್ನು ಬಲ್ಲ ಹಿರಿಯ ಮೆಕ್ಯಾನಿಕನೊಬ್ಬನನ್ನು ವಿಚಾರಿಸಲಿ. ಬಿಚ್ಚಿದುದನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಅಟ್ಟದಲ್ಲಿಡಲಿ. ೧೯೯೬ರಲ್ಲಿಯೇ ಮುಚ್ಚಿದ ಕಾರ್ಖಾನೆಯ ಬಿಡಿಭಾಗಗಳು ಬೇಕೆಂದಾಗ ಸಿಕ್ಕುವುದಿಲ್ಲ. ಆಮೇಲೆ ಹಿಂದಿನ ಪೀಠದಲ್ಲಿ ಯಾರು ಕೂರುತ್ತಾರೋ ಅವರನ್ನು ಒಮ್ಮೆ ಕೂರಿಸಿ, ನಿಧಾನವಾಗಿ ಬೀದಿಯ ಕೊನೆಯವರೆಗೆ ಹೋಗಿಬಂದು, ಹೇಗಿದೆಯೆಂದು ಅವರನ್ನೇ ಕೇಳಲಿ.