ರೂಮಿನಲ್ಲಿ ಅನ್ನ ಮಾಡುವವರು ಮನೆಯಲ್ಲಿ ಯಾಕೆ ಮಾಡಬಾರದು?

ದುಬೈ, ದಮಾಮ್, ಜುಬೈಲ್, ರಿಯಾದ್ - ಊರು ಯಾವುದೇ ಇರಲಿ, ನಮ್ಮವರು ಇರುವ ಬ್ಯಾಚುಲರ್ ರೂಮಿಗೆ ಹೋಗಿ ನೋಡಿ. ಅಡುಗೆ ಮೂಲೆಯಲ್ಲಿ ಒಂದು ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಕಾಣಸಿಗುತ್ತದೆ. ಮುಚ್ಚಳದ ಹಿಡಿ ಸಡಿಲವಾಗಿರಬಹುದು, ಪಾತ್ರೆಯ ತಳ ಗೀರು ಬಿದ್ದಿರಬಹುದು. ಆದರೂ ಎಷ್ಟೋ ಮಂದಿಗೆ ಹೊಟ್ಟೆ ತುಂಬಿಸಿದ್ದು ಅದು. ಬ್ಯಾರಿಗಳು ಗಲ್ಫ್‌ಗೆ ಹೋಗಲು ಶುರು ಮಾಡಿ ಐದು ದಶಕ ಆಯಿತು. ಅಲ್ಲಿಂದ ಬಂದ ಹಣದ ಬಗ್ಗೆ, ಕಟ್ಟಿದ ಮನೆಗಳ ಬಗ್ಗೆ ನಾವು ತುಂಬಾ ಮಾತಾಡಿದ್ದೇವೆ. ಅಲ್ಲಿ ನಮ್ಮ ಗಂಡಸರು ಕಲಿತ ಅಡುಗೆಯ ಬಗ್ಗೆ ಮಾತ್ರ ಮಾತೇ ಇಲ್ಲ.

ರೂಮಿನ ಮೆಸ್ ಹೇಗೆ ನಡೆಯುತ್ತದೆ ಎಂದು ಹೋಗಿ ಬಂದವರಿಗೆ ಗೊತ್ತು. ಇವತ್ತು ಒಬ್ಬರ ಸರದಿ, ನಾಳೆ ಇನ್ನೊಬ್ಬರದು. ಡ್ಯೂಟಿ ಮುಗಿಸಿ ಬಂದವ ಅಕ್ಕಿ ತೊಳೆದು ಕುಕ್ಕರಿಗೆ ಹಾಕಿ ಸ್ವಿಚ್ ಒತ್ತುತ್ತಾನೆ. ಸ್ನಾನ, ನಮಾಝ್ ಮುಗಿಸಿ ಬರುವಾಗ ಅನ್ನ ಆಗಿರುತ್ತದೆ. ಬದಿಯಲ್ಲಿ ಒಂದು ಮೀನು ಸಾರು ಅಥವಾ ದಾಲ್. ಊಟ ಆಯಿತು. ಅಲ್ಲಿ ಯಾರೂ ಅದನ್ನು ಹೆಂಗಸರ ಕೆಲಸ ಅನ್ನುವುದಿಲ್ಲ. ಸರದಿ ತಪ್ಪಿಸಿದವನಿಗೇ ನಾಚಿಕೆ.

ಅದೇ ಮನುಷ್ಯ ಊರಿಗೆ ಬಂದರೆ ಕುಡಿದ ಚಹಾದ ಗ್ಲಾಸ್ ಕೂಡ ಟೀಪಾಯಿ ಬಿಟ್ಟು ಕದಲುವುದಿಲ್ಲ. "ಪಾಪ, ರಜೆಗೆ ಬಂದವರು ಎರಡು ದಿನ ಆರಾಮವಾಗಿರಲಿ" ಅನ್ನುತ್ತೇವೆ. ಸರಿ, ಇರಲಿ. ಆದರೆ ವೀಸಾ ಕ್ಯಾನ್ಸಲ್ ಮಾಡಿ ಖಾಯಂ ಆಗಿ ಬಂದವರ ಕಥೆ ಎಂತ? ಇಪ್ಪತ್ತು ವರ್ಷ ತನ್ನ ಅನ್ನ ತಾನೇ ಮಾಡಿಕೊಂಡವ, ಹೆಂಡತಿಗೆ ಜ್ವರ ಬಂದ ದಿನ ಹೋಟೆಲಿನಿಂದ ಪಾರ್ಸೆಲ್ ತರುತ್ತಾನೆ. ಕೈಯಲ್ಲಿರುವ ಕಸುಬನ್ನು ಮನೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಬರುವುದು ಯಾವ ನ್ಯಾಯ? ಪ್ರವಾದಿವರ್ಯರು (ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರು ಎಂಬುದನ್ನು ನಾವೆಲ್ಲ ಕೇಳಿ ಬೆಳೆದವರೇ ಅಲ್ಲವೇ?

ಇನ್ನೊಂದು ಮಗ್ಗುಲನ್ನೂ ನೋಡಬೇಕು. ನಾಲ್ಕು ಬೆಡ್‌ರೂಮಿನ ಮನೆ, ಒಳಗೆ ಉಮ್ಮ ಒಬ್ಬರೇ - ಇಂಥ ಮನೆಗಳು ನಮ್ಮ ಪ್ರತಿ ಜಮಾಅತ್‌ನಲ್ಲೂ ಇವೆ. ಮಂಡಿ ನೋವು, ಶುಗರ್, ಮರೆವು. ಆದರೂ ಕುಚ್ಚಲಕ್ಕಿ ಬೇಯಿಸಬೇಕು, ತೂಕದ ಪಾತ್ರೆ ಎತ್ತಿ ಗಂಜಿ ಬಸಿಯಬೇಕು. ಕೈ ನಡುಗಿದರೆ ಬಿಸಿ ತಿಳಿ ಮೈಮೇಲೆ. ಗ್ಯಾಸ್ ಆರಿಸಲು ಮರೆತರೆ ಇನ್ನೂ ದೊಡ್ಡ ಅನಾಹುತ. ಮಗ ತಂದುಕೊಟ್ಟ ಎಲೆಕ್ಟ್ರಿಕ್ ಕುಕ್ಕರ್ ಮಾತ್ರ ಕಪಾಟಿನ ಮೇಲೆ ಪೆಟ್ಟಿಗೆಯಲ್ಲೇ ಇದೆ, ಯಾರದ್ದಾದರೂ ಮದುವೆಗೆ ಗಿಫ್ಟ್ ಕೊಡಲಿಕ್ಕೆ!

ಈ ಯಂತ್ರ ಹೊಸತೇನಲ್ಲ. ಜಪಾನಿನ ತೋಶಿಬಾ ಕಂಪೆನಿ ತಾನಾಗಿ ಆಫ್ ಆಗುವ ಅಕ್ಕಿ ಕುಕ್ಕರನ್ನು ಮಾರುಕಟ್ಟೆಗೆ ತಂದದ್ದು 1955ರಲ್ಲಿ. ಈಗ ಸಿಗುವ ಸಾದಾ ಕುಕ್ಕರಿನ ಒಳಗುಟ್ಟು ಸರಳ. ಪಾತ್ರೆಯಲ್ಲಿ ನೀರು ಇರುವವರೆಗೆ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿದ ಮೇಲೆ ತಳದ ಬಿಸಿ ಏರುತ್ತದೆ. ಅದನ್ನು ತಳದಲ್ಲಿರುವ ಥರ್ಮೋಸ್ಟಾಟ್ ಗುರುತಿಸಿ 'ಟಕ್' ಎಂದು ಸ್ವಿಚ್ಚನ್ನು 'ವಾರ್ಮ್'ಗೆ ಹಾರಿಸುತ್ತದೆ. ಸೀಟಿ ಎಣಿಸಬೇಕಾಗಿಲ್ಲ, ಒಲೆ ಮುಂದೆ ಕಾವಲು ನಿಲ್ಲಬೇಕಾಗಿಲ್ಲ. ಮರೆವಿನ ಉಮ್ಮನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಉಂಟಾ?

"ಅದರಲ್ಲಿ ಕುಚ್ಚಲಕ್ಕಿ ಆಗುವುದಿಲ್ಲ" ಎಂಬುದು ನಮ್ಮ ಹೆಂಗಸರ ಮೊದಲ ತಕರಾರು. ಅದರಲ್ಲಿ ಅರ್ಧ ಸತ್ಯ ಇದೆ. ಬೆಳ್ತಿಗೆ ಅಕ್ಕಿಗೆ ಒಂದಕ್ಕೆ ಎರಡು ಪಾಲು ನೀರು ಸಾಕು, ಅರ್ಧ ಗಂಟೆಯಲ್ಲಿ ಅನ್ನ. ಕುಚ್ಚಲಕ್ಕಿಗೆ ನೀರೂ ಹೆಚ್ಚು, ಹೊತ್ತೂ ಹೆಚ್ಚು. ಅಕ್ಕಿಯನ್ನು ಕೆಲವು ಗಂಟೆ ನೆನೆಸಿ, ಪಾತ್ರೆಯ ಅರ್ಧಕ್ಕಿಂತ ಮೇಲೆ ತುಂಬದೆ ಇಟ್ಟರೆ ಅದೂ ಬೇಯುತ್ತದೆ. ಹೆಚ್ಚು ತುಂಬಿದರೆ ನೊರೆ ಉಕ್ಕಿ ಮೇಜೆಲ್ಲ ಗಂಜಿಯಾಗುತ್ತದೆ. ಹತ್ತು ಮಂದಿಯ ಮನೆಗೆ ಇದು ಸಾಲದು, ನಿಜ. ಒಬ್ಬರು, ಇಬ್ಬರು ಇರುವ ಮನೆಗೆ ಧಾರಾಳ ಸಾಕು.

ಅನ್ನ ಮಾತ್ರವೂ ಅಲ್ಲ. ಸಹರಿಗೆ ಗಂಜಿ, ಇಫ್ತಾರಿಗೆ ಜೀರಿಗೆ ಗಂಜಿ, ಹೆಸರುಕಾಳು, ಕಿಚಡಿ ಎಲ್ಲ ಆಗುತ್ತದೆ. ತಟ್ಟೆ ಬರುವ ಕುಕ್ಕರಾದರೆ ಕೆಳಗೆ ಅನ್ನ ಬೇಯುವಾಗ ಮೇಲೆ ಮೊಟ್ಟೆ, ತರಕಾರಿ, ನಾಲ್ಕು ಪುಂಡಿ ಹಬೆಯಲ್ಲೇ ಬೆಂದಿರುತ್ತವೆ. ನೆಯ್‌ಚೋರು ಕೂಡ ಆಗುತ್ತದೆ: ಅದೇ ಪಾತ್ರೆಯಲ್ಲಿ ತುಪ್ಪ, ಈರುಳ್ಳಿ, ಚಕ್ಕೆ, ಲವಂಗ ಹುರಿದು, ಅಕ್ಕಿ ಮತ್ತು ಅಳತೆಯ ನೀರು ಹಾಕಿದರಾಯಿತು. ಹುರಿಯುವಾಗ ನೀರಿಲ್ಲದ ಕಾರಣ ಸ್ವಿಚ್ ಮೇಲೆ ಹಾರುತ್ತದೆ. ಕುಕ್ಕರ್ ಹಾಳಾಯಿತು ಎಂದು ಹೆದರಬೇಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿ. ಮಣ್ಣಿನ ಚಟ್ಟಿಯಲ್ಲಿ ಕುದಿಸಿದ ಬೂತಾಯಿ ಪುಳಿಮುಂಚಿಯ ರುಚಿ ಇದರಲ್ಲಿ ಬಾರದು. ಅದಕ್ಕೆ ಚಟ್ಟಿಯೇ ಬೇಕು. ದಿನಾ ಹೊಟ್ಟೆ ತುಂಬುವ ಅಡುಗೆಗೆ ಇದು ಬೇಕು.

ಕರೆಂಟ್ ಬಿಲ್ಲಿನ ಹೆದರಿಕೆಯೂ ಇದೆ. ಲೆಕ್ಕ ಹಾಕಿ ನೋಡೋಣ. 700 ವ್ಯಾಟಿನ ಕುಕ್ಕರ್ ಅರ್ಧ ಗಂಟೆ ಉರಿದರೆ 0.35 ಯೂನಿಟ್. ದಿನಕ್ಕೆ ಎರಡು ಸಲ ಅಂದರೆ 0.7, ತಿಂಗಳಿಗೆ 21 ಯೂನಿಟ್. ಗೃಹಜ್ಯೋತಿಯಲ್ಲಿ ಪ್ರತಿ ಮನೆಯ ಮಿತಿ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ ನಿಮ್ಮ ಬಿಲ್ಲನ್ನೊಮ್ಮೆ ನೋಡಿಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಕೈ ಕೊಡುವುದು ನಮ್ಮ ಕರಾವಳಿಯ ಹಣೆಬರಹ. ಆದ್ದರಿಂದ ಗ್ಯಾಸ್ ಬಿಟ್ಟುಬಿಡಿ ಎಂದು ನಾವು ಹೇಳುತ್ತಿಲ್ಲ.

ಕೆಲವು ಜಾಗ್ರತೆ ಬೇಕೇ ಬೇಕು. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗಿಗೇ ಹಾಕಿ. ಇಸ್ತ್ರಿಪೆಟ್ಟಿಗೆ, ಕೆಟಲ್ ಎಲ್ಲ ಚುಚ್ಚಿರುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಬೇಡ. ಒಳಪಾತ್ರೆಯ ತಳ ಒರೆಸಿಯೇ ಇಡಿ, ಹೊರಮೈಯನ್ನು ನೀರಿಗೆ ಅದ್ದಬೇಡಿ. ಬೆಳಿಗ್ಗೆಯ ಅನ್ನವನ್ನು ಆಫ್ ಆದ ಕುಕ್ಕರಿನಲ್ಲೇ ರಾತ್ರಿವರೆಗೆ ಬಿಟ್ಟರೆ ಹೊಟ್ಟೆ ಕೆಡುತ್ತದೆ, ಉಳಿದದ್ದನ್ನು ಬೇಗ ಫ್ರಿಜ್ಜಿಗೆ ಹಾಕಿ. ಇನ್ನು, ಗಲ್ಫ್‌ನಲ್ಲಾಗಲಿ ಬೆಂಗಳೂರಿನ ಪಿಜಿಯಲ್ಲಾಗಲಿ ಮಲಗುವ ಕೋಣೆಯಲ್ಲಿ ಅಡುಗೆ ಬೇಡ ಎಂಬ ನಿಯಮ ಇದ್ದರೆ ನಮ್ಮ ಮಕ್ಕಳು ಅದನ್ನು ಪಾಲಿಸಲೇಬೇಕು. ಬೆಂಕಿ ಬಿದ್ದರೆ ಉರಿಯುವುದು ಒಬ್ಬನ ಮಂಚ ಮಾತ್ರ ಅಲ್ಲ.

ಈಗ ಮುಖ್ಯ ಮಾತು. ವೀಸಾ ಬಂದ ಹುಡುಗನಿಗೆ ನಾವು ಹೊಸ ಬಟ್ಟೆ, ಉಪ್ಪಿನಕಾಯಿ, ಒಣಮೀನು ಎಲ್ಲ ಕಟ್ಟಿಕೊಡುತ್ತೇವೆ, ಅಡುಗೆ ಮಾತ್ರ ಕಲಿಸುವುದಿಲ್ಲ. ಅವ ಅಲ್ಲಿ ಮೊದಲ ತಿಂಗಳೆಲ್ಲ ಪರೋಟ, ಪೆಪ್ಸಿಯಲ್ಲಿ ಕಳೆಯುತ್ತಾನೆ. ಹೋಗುವ ಮೊದಲೇ ಅನ್ನ, ದಾಲ್, ಒಂದು ಮೀನು ಸಾರು ಕಲಿಸಿ. ಹುಡುಗಿಯರಿಗೆ ಮಾತ್ರ ಅಡುಗೆಮನೆ ತೋರಿಸುವ ಪದ್ಧತಿ ಇನ್ನು ಸಾಕು. ಅವರೂ ಓದುತ್ತಿದ್ದಾರೆ, ಅವರಿಗೂ ನಾಳೆ ಪರೀಕ್ಷೆ ಇದೆ.

ರಜೆಗೆ ಬಂದವರಲ್ಲಿ ನಮ್ಮದೊಂದು ವಿನಂತಿ. ಕಪಾಟಿನ ಮೇಲಿನ ಆ ಪೆಟ್ಟಿಗೆ ಇಳಿಸಿ, ಸೊಂಟದ ಎತ್ತರದಲ್ಲಿ ಒಂದು ಜಾಗ ಮಾಡಿ ಇಡಿ. ಅಕ್ಕಿ ಎಷ್ಟು, ನೀರು ಎಷ್ಟು ಎಂದು ಉಮ್ಮನ ಜೊತೆ ನಿಂತು ನಾಲ್ಕು ದಿನ ಮಾಡಿ ತೋರಿಸಿ. ಐದನೇ ದಿನ ನೀವೇ ಮಾಡಿ ಬಡಿಸಿ, ಉಮ್ಮನೂ ಹೆಂಡತಿಯೂ ಕುಳಿತು ಉಣ್ಣಲಿ. ಎಂಟು ಮಂದಿಯ ಮೆಸ್ ನಡೆಸಿದ ಕೈಗೆ ಇದು ದೊಡ್ಡ ಕೆಲಸವೇನಲ್ಲ.