ಧೂಪದ ಕಂಪು, ಕೈಯ ಕಾಯಕ

ಬೆಳಗಿನ ಪೂಜೆಯ ವೇಳೆಗೆ ಮನೆಯೊಳಗೆ ಹರಡುವ ಊದುಬತ್ತಿಯ ಕಂಪು ಕನ್ನಡ ನಾಡಿನ ಬಾಳಿನಲ್ಲಿ ಸಹಜವಾಗಿ ಬೆರೆತುಹೋಗಿದೆ. ಅದು ಯಾವ ಮರದ ಕೊಡುಗೆ, ಯಾರ ಕೈಯ ದುಡಿಮೆ ಎಂದು ಕೇಳುವವರು ಮಾತ್ರ ವಿರಳ. ಕಡ್ಡಿ ಉರಿದು ಬೂದಿಯಾಗುತ್ತದೆ. ಪ್ರಶ್ನೆಯೂ ಅದರೊಡನೆ ಆರಿಹೋಗುತ್ತದೆ. ಆದರೆ 12ನೆಯ ಶತಮಾನದ ಶರಣರ ಬಳಗ ಆ ದುಡಿಮೆಯನ್ನು ಮರೆಯಲಿಲ್ಲ. ‘ನಾಸ್ತಿನಾಥ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಶರಣೆ ಗೊಗ್ಗವ್ವೆಯದು ಧೂಪದ ಕಾಯಕ. ಆ ಕಾಯಕವೇ ಆಕೆಯ ಹೆಸರಿಗೆ ಮುಡಿಯಾಗಿ, ಇಂದಿಗೂ ಆಕೆ ‘ಧೂಪದ ಗೊಗ್ಗವ್ವೆ’ ಎಂದೇ ಪ್ರಸಿದ್ಧಳಾಗಿದ್ದಾಳೆ. ಧೂಪವನ್ನು ಕುರಿತು ಯೋಚಿಸುವವರು ಅದರ ಹಿಂದಿನ ಕೈಯನ್ನೂ ನೆನೆಯಬೇಕೆಂಬುದಕ್ಕೆ ಆ ಹೆಸರೊಂದೇ ಸಾಕು.

ಊದುಬತ್ತಿಗಳಲ್ಲಿ ಶ್ರೇಷ್ಠವೆನಿಸಿದ್ದು ಮರದ ಮಡ್ಡಿಯಿಂದ ಹೊಸೆದ ಮಸಾಲೆ ಬತ್ತಿ. ಅದಕ್ಕೆ ಮುಖ್ಯವಾಗಿ ಬೇಕಾದುದು ಹಾಲುಮಡ್ಡಿ. ಪಶ್ಚಿಮಘಟ್ಟದ ಕಾಡುಗಳಲ್ಲಿ ನೆಟ್ಟಗೆ ಎತ್ತರಕ್ಕೆ ಬೆಳೆಯುವ ಈ ಮರವನ್ನು ಸಸ್ಯಶಾಸ್ತ್ರಜ್ಞರು ಐಲಾಂತಸ್ ಟ್ರೈಫೈಸಾ ಎಂದು ಗುರುತಿಸುತ್ತಾರೆ. ತೊಗಟೆಗೆ ಕಚ್ಚು ಹಾಕಿದಾಗ ಒಸರುವ ಅಂಟಾದ ರಸವೇ ಹಾಲುಮಡ್ಡಿ. ಇದೇ ಮರದ ಹಗುರವಾದ ಕಟ್ಟಿಗೆ ಬೆಂಕಿಕಡ್ಡಿಯ ತಯಾರಿಕೆಗೂ ಒದಗುತ್ತದೆ. ಕಂಪನ್ನು ಕೊಡುವ ಮರವೇ ಆ ಕಂಪನ್ನು ಎಬ್ಬಿಸುವ ಕಿಡಿಗೂ ಆಸರೆಯಾಗುವುದು ಸೃಷ್ಟಿಯ ಸೊಗಸಲ್ಲವೇ?

ಮಸಾಲೆ ಬತ್ತಿಯ ತಯಾರಿಕೆ ಅಡುಗೆಯ ಕೆಲಸದಂತೆಯೇ ಹದವನ್ನು ಬೇಡುತ್ತದೆ. ಹಾಲುಮಡ್ಡಿಗೆ ಜೇನು, ಗಂಧದ ಪುಡಿ, ಅಂಟು ಕೊಡುವ ತೊಗಟೆಯ ಪುಡಿಯಾದ ಜಿಗಟು, ಸಾಂಬ್ರಾಣಿ, ಲಾವಂಚದಂಥ ಬೇರುಗಳ ಪುಡಿ ಇವುಗಳನ್ನು ಬೆರೆಸಿ ಹಿಟ್ಟಿನಂತೆ ನಾದುತ್ತಾರೆ. ಮಣೆಯ ಮೇಲೆ ಬಿದಿರಿನ ಕಡ್ಡಿಯನ್ನಿಟ್ಟು, ಚಿಟಿಕೆಯಷ್ಟು ಹಿಟ್ಟನ್ನು ಅಂಗೈಯಿಂದ ಅದರುದ್ದಕ್ಕೂ ಹೊಸೆಯುತ್ತಾರೆ. ಕಡ್ಡಿ ಕಡ್ಡಿಗೆ ಅಂಟದಂತೆ ಪುಡಿಯಲ್ಲಿ ಹೊರಳಿಸಿ, ನೆರಳಿನಲ್ಲಿ ಒಣಗಿಸುತ್ತಾರೆ. ಹಾಲುಮಡ್ಡಿಗೆ ಗಾಳಿಯ ತೇವವನ್ನು ಹೀರುವ ಗುಣವಿರುವುದರಿಂದ ಈ ಬತ್ತಿ ಮುಟ್ಟಿದರೆ ಕೊಂಚ ಮೆತ್ತಗೆ ಇರುತ್ತದೆ. ಹೊತ್ತಿಸಿದಾಗ ಅವಸರವಿಲ್ಲದೆ ಉರಿಯುತ್ತದೆ. ಮೊದಲು ಜೇನಿನ ಸಿಹಿ, ಬಳಿಕ ಗಂಧದ ತಂಪು, ಕೊನೆಗೆ ಬೇರಿನ ಮಣ್ಣುವಾಸನೆ ಹೀಗೆ ಕಂಪು ಹಂತಹಂತವಾಗಿ ತೆರೆದುಕೊಳ್ಳುತ್ತದೆ. ಕಡ್ಡಿ ಆರಿದ ಮೇಲೂ ಕೋಣೆಯಲ್ಲಿ ಅದರ ನೆನಪು ಉಳಿಯುತ್ತದೆ. ಈ ಸುಖಕ್ಕೆ ಸಿರಿತನ ಬೇಕಿಲ್ಲ. ಕ್ಷಣಕಾಲ ಸುಮ್ಮನೆ ಕುಳಿತುಕೊಳ್ಳುವ ವ್ಯವಧಾನವಿದ್ದರೆ ಸಾಕು.

ಇಂದು ಅಂಗಡಿಗಳಲ್ಲಿ ಹೇರಳವಾಗಿ ಸಿಗುವ ಬತ್ತಿ ಬಹುಪಾಲು ಬೇರೆ ಬಗೆಯದು. ಇದ್ದಿಲ ಪುಡಿ ಮತ್ತು ಜಿಗಟಿನಿಂದ ಹೊಸೆದ ಕಪ್ಪು ಕಡ್ಡಿಯನ್ನು ಕೃತಕ ಸುಗಂಧದಲ್ಲಿ ಅದ್ದಿ ಒಣಗಿಸಲಾಗುತ್ತದೆ. ಸುಗಂಧವನ್ನು ತೆಳುಗೊಳಿಸಲು ಡೈಈಥೈಲ್ ಥಾಲೇಟ್ ಎಂಬ ರಾಸಾಯನಿಕ ದ್ರವವನ್ನು ಬಳಸುವ ರೂಢಿಯೂ ಇದೆ. ಪೊಟ್ಟಣ ಬಿಚ್ಚುವ ಮೊದಲೇ ಮೂಗಿಗೆ ರಾಚುವ ವಾಸನೆ ಹೊತ್ತಿಸಿದ ಮೇಲೆ ಹೊಸದೇನನ್ನೂ ಹೇಳುವುದಿಲ್ಲ. ಕೈಯಲ್ಲಿ ಹೊಸೆದದ್ದೆಲ್ಲ ಮಡ್ಡಿಯ ಬತ್ತಿಯಲ್ಲ ಎಂಬುದನ್ನೂ ಗಮನಿಸಬೇಕು. ಇದ್ದಿಲ ಬತ್ತಿಯನ್ನೂ ದೀರ್ಘಕಾಲದಿಂದ ಹೆಣ್ಣುಮಕ್ಕಳು ಮನೆಯಲ್ಲೇ ಕುಳಿತು, ಸಾವಿರ ಕಡ್ಡಿಗೆ ಇಂತಿಷ್ಟು ಎಂಬ ಕೂಲಿಗೆ, ಬೆನ್ನು ಬಾಗಿಸಿ ಹೊಸೆದಿದ್ದಾರೆ. ಯಂತ್ರದಲ್ಲಿ ತಯಾರಾದ ಕಚ್ಚಾ ಬತ್ತಿ ಚೀನಾ, ವಿಯೆಟ್ನಾಮುಗಳಿಂದ ಅಗ್ಗವಾಗಿ ಬರತೊಡಗಿದಾಗ ಆ ಅಲ್ಪ ಕೂಲಿಗೂ ಸಂಚಕಾರ ಬಂತು. 2019ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ ಅಗರಬತ್ತಿಯ ಆಮದನ್ನು ನಿರ್ಬಂಧಿಸಬೇಕಾಯಿತು.

ಬಡವರು ಅಗ್ಗದ ಬತ್ತಿಯನ್ನಲ್ಲದೆ ಇನ್ನೇನನ್ನು ಕೊಂಡಾರು ಎಂಬ ಆಕ್ಷೇಪ ಸಹಜವಾದುದು. ಆದರೆ ಒಂದು ಪೊಟ್ಟಣದಷ್ಟು ಹೊಗೆಯಿಂದ ಭಕ್ತಿ ಹೆಚ್ಚುವುದಿಲ್ಲ. ಹತ್ತು ಕಡ್ಡಿ ಸುಡುವಲ್ಲಿ ಒಂದು ಒಳ್ಳೆಯ ಕಡ್ಡಿ ಹಚ್ಚಿದರೆ ವೆಚ್ಚವೂ ಹೊಗೆಯೂ ಹಿಡಿತದಲ್ಲಿರುತ್ತವೆ. ಮಡ್ಡಿಯ ಬತ್ತಿಯದಾದರೂ ಹೊಗೆ ಹೊಗೆಯೇ. ಕಿಟಕಿ ತೆರೆದಿಟ್ಟು ಹಚ್ಚುವುದು, ಹಸುಗೂಸುಗಳು ಮತ್ತು ಉಬ್ಬಸದವರು ಇರುವೆಡೆ ಅದನ್ನು ತ್ಯಜಿಸುವುದು ವಿವೇಕ. ನೈಸರ್ಗಿಕವಾದುದೆಲ್ಲ ನಿರಪಾಯವೆಂದು ನಂಬುವುದು ಜಾಣತನವಲ್ಲ.

ಇದಕ್ಕಿಂತ ಗಹನವಾದ ಪ್ರಶ್ನೆ ಮರದ್ದು. ಹಿತಮಿತವಾಗಿ ಕಚ್ಚು ಹಾಕಿದರೆ ಮರ ವರ್ಷವರ್ಷವೂ ಮಡ್ಡಿ ಕೊಡುತ್ತದೆ. ದುರಾಸೆಯಿಂದ ಆಳವಾಗಿ ಕೊಚ್ಚಿದರೆ ಸಾಯುತ್ತದೆ. ಜಿಗಟಿಗಾಗಿ ತೊಗಟೆ ಸುಲಿಸಿಕೊಳ್ಳುವ ಗುಳಮಾವಿನ ಪಾಡೂ ಇದೇ. ಗುಗ್ಗುಳದ ಗಿಡವಂತೂ ಅತಿಯಾದ ಸಂಗ್ರಹಣೆಯಿಂದ ಅಳಿವಿನ ಅಂಚಿಗೆ ಬಂದು ನಿಂತಿದೆ. ನೈಸರ್ಗಿಕ ಎಂಬ ಮಾತು ಪೊಟ್ಟಣದ ಮೇಲಿನ ಆಕರ್ಷಣೆ ಮಾತ್ರವಾದರೆ, ಕಾಡಿನ ಪಾಲಿಗೆ ಅದು ಶಾಪವಾದೀತು. ಮೈಸೂರು ಅಗರಬತ್ತಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತದ್ದು ನಾಡಿಗೆ ಹೆಮ್ಮೆಯ ಸಂಗತಿ. ಆದರೆ ಹೆಸರನ್ನು ಕಾಪಾಡಿದಷ್ಟೇ ಶ್ರದ್ಧೆಯಿಂದ ಮರವನ್ನೂ ಹೊಸೆಯುವ ಕೈಯನ್ನೂ ಕಾಪಾಡದಿದ್ದರೆ ಆ ಹೆಮ್ಮೆ ಬರಿಯ ಮುದ್ರೆಯಾಗಿ ಉಳಿಯುತ್ತದೆ.

ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ. ಪಡೆದಷ್ಟಕ್ಕೆ ಸಲ್ಲಿಸಬೇಕಾದುದನ್ನು ಸಲ್ಲಿಸುವ ನಿಷ್ಠೆಯೂ ಅದರಲ್ಲಿ ಅಡಗಿದೆ. ಕಂಪನ್ನು ಸವಿಯುವವನು ಮರಕ್ಕೂ ಹೊಸೆದವಳಿಗೂ ಋಣಿ. ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವುದು, ಮಿತವಾಗಿ ಬಳಸುವುದು, ಶಾಲೆಯ ಅಂಗಳದಲ್ಲೋ ಹೊಲದ ಬದುವಿನಲ್ಲೋ ಒಂದು ಗಂಧದ ಸಸಿಯನ್ನೋ ಹಾಲುಮಡ್ಡಿಯ ಸಸಿಯನ್ನೋ ನೆಟ್ಟು ಬೆಳೆಸುವುದು ಆ ಋಣವನ್ನು ತೀರಿಸುವ ದಾರಿ. ಇವು ವಿದ್ಯಾರ್ಥಿಗಳ ಕೈಗೂ ನಿಲುಕುವಂಥವು. ನಾಳೆ ಪೂಜೆಯ ಹೊತ್ತಿಗೆ ಹಚ್ಚುವ ಕಡ್ಡಿ ಒಂದೇ ಆಗಿರಲಿ, ಒಳ್ಳೆಯದಾಗಿರಲಿ. ಅದನ್ನು ಹೊಸೆದವಳ ಮನೆಯ ಒಲೆಯೂ ಹೊತ್ತಿರಲಿ. ಧೂಪದ ಗೊಗ್ಗವ್ವೆಗೆ ಸಲ್ಲಿಸುವ ನಿಜವಾದ ಗೌರವ ಅದು.