ಹವಾನಾದ ನಕ್ಷೆ, ಲಂಡನ್ನಿನ ಮೌನ

ಕ್ಯಾರಲ್ ರೀಡ್ ನಿರ್ದೇಶನದ ‘ಅವರ್ ಮ್ಯಾನ್ ಇನ್ ಹವಾನಾ’ (1959) ನೋಡುವಾಗ ನಗುವಿನ ಜೊತೆಗೇ ನನಗೆ ಸಿಟ್ಟೂ ಬರುತ್ತದೆ. ಅಲೆಕ್ ಗಿನ್ನೆಸ್ ಇಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವ ವರ್ಮೋಲ್ಡ್. ಮಗಳ ಖರ್ಚಿಗೆ ದುಡ್ಡು ಸಾಲದೆ ಬ್ರಿಟಿಷ್ ಗೂಢಚಾರನಾಗುತ್ತಾನೆ. ಕಳಿಸಲು ಸುದ್ದಿಯೇ ಇಲ್ಲ! ಇಲ್ಲದ ಏಜೆಂಟರ ಹೆಸರಲ್ಲಿ ಸಂಬಳ ಎತ್ತುತ್ತಾನೆ. ಕ್ಲೀನರಿನ ಬಿಡಿಭಾಗಗಳ ಚಿತ್ರ ಬರೆದು, ಬೆಟ್ಟದಲ್ಲಿ ಕಟ್ಟುತ್ತಿರುವ ರಹಸ್ಯ ಆಯುಧವೆಂದು ಲಂಡನ್ನಿಗೆ ಕಳಿಸುತ್ತಾನೆ. ದೊಡ್ಡ ಸಾಹೇಬರು ಕಣ್ಣರಳಿಸಿ ನೋಡುತ್ತಾರೆ. ಅವನನ್ನು ನೇಮಿಸಿಕೊಂಡ ಹಾಥಾರ್ನ್‌ಗೆ ಗುಮಾನಿ ಬಂದರೂ ಬಾಯಿ ಬಿಡುವುದಿಲ್ಲ. ನನ್ನನ್ನು ಕೆರಳಿಸುವುದು ಈ ಮೌನವೇ. ಸುಳ್ಳಿನಿಂದ ಹೆಣಗಳು ಬೀಳುತ್ತವೆ. ಕೊನೆಗೆ ವರ್ಮೋಲ್ಡ್‌ಗೆ ಸಿಗುವುದು ಪದಕ, ಹೊಸಬರಿಗೆ ಪಾಠ ಹೇಳುವ ಕೆಲಸ. ಕಥೆ ಬರೆದ ಗ್ರಹಾಂ ಗ್ರೀನ್ ಎರಡನೇ ಮಹಾಯುದ್ಧದಲ್ಲಿ ಅದೇ ಗುಪ್ತಚರ ಇಲಾಖೆಯಲ್ಲಿ ದುಡಿದವರು.

ಇದು ಬರೀ ಸಿನಿಮಾ ಅಲ್ಲ. 2003ರ ಫೆಬ್ರವರಿಯಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಇರಾಕಿನ ಸಂಚಾರಿ ಜೈವಿಕಾಸ್ತ್ರ ಘಟಕಗಳ ಚಿತ್ರ ತೋರಿಸಿದರು. ಫೋಟೊ ಅಲ್ಲ, ಹೇಳಿಕೆ ಕೇಳಿ ರೂಪಿಸಿದ ಚಿತ್ರ. ಅದರ ಮುಖ್ಯ ಆಧಾರ ಒಬ್ಬ ಇರಾಕಿ ಮಾಹಿತಿದಾರನ ಮಾತು. ಹೇಳಿದ್ದೆಲ್ಲ ಸುಳ್ಳೆಂದು ಅವನು 2011ರಲ್ಲಿ ಒಪ್ಪಿಕೊಳ್ಳುವ ಹೊತ್ತಿಗೆ, ಅಮೆರಿಕ ಹೂಡಿದ ಯುದ್ಧದಲ್ಲಿ ಲಕ್ಷಕ್ಕೂ ಹೆಚ್ಚು ಇರಾಕಿಗಳು ಸತ್ತಿದ್ದರು.

ಇಂಥ ಸುಳ್ಳು ನಮ್ಮಲ್ಲೂ ನುಸುಳಬಹುದು. ನಮ್ಮ ಗುಪ್ತಚರ ಸಂಸ್ಥೆಗಳಾದ ಐಬಿ, ರಾ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದವಲ್ಲ. ಅವುಗಳ ವರದಿ ತರಿಸಿಕೊಂಡು, ‘ಇದನ್ನು ಕಣ್ಣಾರೆ ಕಂಡವರು ಯಾರು?’ ಎಂದು ಕೇಳುವ ಸಂಸದೀಯ ಸಮಿತಿ ನಮಗೆ ಬೇಕೇ ಬೇಕು.